ಉತ್ತರ ಬರೆಯದ ಪತ್ತೇದಾರಿ: ಒಂದು ಜಪಾನಿ ಆಟದ ಅಭ್ಯಾಸ

ಪತ್ತೇದಾರಿ ಕಾದಂಬರಿಗಳನ್ನು ಓದುವವರಲ್ಲಿ ಎರಡು ಬಗೆಯುಂಟು. ಕೊನೆಯ ಪುಟವನ್ನು ಮೊದಲೇ ತೆರೆದು ನೋಡುವವರು ಒಂದು ಬಗೆ, ಆಸೆಯನ್ನು ತಡೆದುಕೊಂಡು ಕ್ರಮವಾಗಿ ಓದುವವರು ಇನ್ನೊಂದು ಬಗೆ. ನಾನು ಮೊದಲನೆಯ ಪಂಗಡಕ್ಕೆ ಸೇರಿದವನೆಂದು ಒಪ್ಪಿಕೊಳ್ಳಲೇಬೇಕು. ಎನ್. ನರಸಿಂಹಯ್ಯನವರ ಹಳೆಯ ಕಾದಂಬರಿಗಳು ಹುಲಕೋಟಿಯ ನಮ್ಮ ಮನೆಯ ಅಟ್ಟದ ಮೇಲೆ ದೊರೆತಾಗ, ಪತ್ತೇದಾರ ಪುರುಷೋತ್ತಮನು ಅಪರಾಧಿಯ ಮುಸುಕು ತೆಗೆಯುವ ಪುಟವನ್ನೇ ನಾನು ಮೊದಲು ಹುಡುಕಿದ್ದೆ. ಇಂಥ ಓದುಗನಿಗೆ ತಕ್ಕ ಪಾಠ ಕಲಿಸುವ ಕೃತಿಯೊಂದು ಕಳೆದ ವರ್ಷ ಕೈಗೆ ಬಂದಿತು. ಅದರ ಕೊನೆಯಲ್ಲಿಯೂ ಕೊಲೆಗಾರನಾರೆಂದು ಬಿಡಿಸಿ ಹೇಳಿಲ್ಲ. ಅದು ಪುಸ್ತಕವೂ ಅಲ್ಲ. ಕಂಪ್ಯೂಟರಿನಲ್ಲಿ ಆಡುವ ಆಟ.

ಆಟವೆಂದೊಡನೆ ಓಟ, ಗುಂಡು, ಕಾರು ಇವು ಕಣ್ಣ ಮುಂದೆ ಬರುತ್ತವೆ. ಇದರಲ್ಲಿ ಅವೊಂದೂ ಇಲ್ಲ. ಪರದೆಯ ಮೇಲೆ ಒಂದು ನಿಶ್ಚಲ ಚಿತ್ರ, ಮಾತನಾಡುವ ಪಾತ್ರಗಳು, ಅದರ ಮೇಲೆ ಒಂದೊಂದೇ ಸಾಲಾಗಿ ಮೂಡುವ ಬರಹ, ಹಿಂದೆ ಸಂಗೀತ. ಗುಂಡಿಯೊತ್ತಿದರೆ ಮುಂದಿನ ಸಾಲು. ಇಂತಹವುಗಳನ್ನು ವಿಜುವಲ್ ನಾವೆಲ್ ಎನ್ನುತ್ತಾರೆ. ಚಿತ್ರಕಾದಂಬರಿ ಎಂದರೆ ತಪ್ಪಾಗಲಾರದು. ಜಪಾನಿನಲ್ಲಿ 1983ರಲ್ಲಿ ಯೂಜಿ ಹೊರಿಯಿ ಎಂಬವರು ಪೋರ್ಟೋಪಿಯಾ ಎಂಬ ಕೊಲೆ ಪತ್ತೆಯ ಆಟವನ್ನು ರಚಿಸಿದರು. 1992ರಲ್ಲಿ ಚುನ್‌ಸಾಫ್ಟ್ ಕಂಪನಿಯು ಓದುವುದನ್ನೇ ಮುಖ್ಯವಾಗಿಸಿ, ಬರಹಕ್ಕೆ ಸದ್ದು ಸಂಗೀತಗಳನ್ನು ಕೂಡಿಸಿ ಇನ್ನೊಂದು ಆಟವನ್ನು ಹೊರತಂದಿತು. ಇವುಗಳಲ್ಲಿ ಆಡುವವನು ಅಲ್ಲಲ್ಲಿ ಆಯ್ಕೆ ಮಾಡುತ್ತಿದ್ದನು, ಕಥೆ ಅದಕ್ಕೆ ತಕ್ಕಂತೆ ಕವಲೊಡೆಯುತ್ತಿತ್ತು.

ನಾನು ಅಭ್ಯಾಸಕ್ಕೆ ತೆಗೆದುಕೊಂಡ ಆಟದ ಹೆಸರು 'ಉಮಿನೇಕೊ ನೊ ನಾಕು ಕೊರೊ ನಿ', ಎಂದರೆ ಕಡಲಹಕ್ಕಿಗಳು ಕೂಗುವ ಹೊತ್ತು. (ಉಮಿನೇಕೊ ಎಂಬುದಕ್ಕೆ ಪದಶಃ ಅರ್ಥ ಕಡಲಬೆಕ್ಕು, ಆ ಹಕ್ಕಿಯ ಕೂಗು ಬೆಕ್ಕಿನ ಕೂಗಿನಂತಿರುವುದಂತೆ.) ಬರೆದವರು ರ್ಯುಕಿಶಿ07 ಎಂಬ ಅಂಕಿತದ ಲೇಖಕರು. ಎಂಟು ಭಾಗಗಳನ್ನು 2007ರ ಆಗಸ್ಟಿನಿಂದ 2010ರ ಡಿಸೆಂಬರಿನವರೆಗೆ, ಆರು ತಿಂಗಳಿಗೊಂದರಂತೆ, ಟೋಕಿಯೋದ ಕಾಮಿಕೆಟ್ ಎಂಬ ಹವ್ಯಾಸಿಗಳ ಸಂತೆಯಲ್ಲಿ ಮಾರಿದರು. ಚಿತ್ರಗಳೂ ಅವರವೇ, ಕೈಬೆರಳುಗಳು ಮೂಲಂಗಿಯಂತಿವೆ, ನಗು ಬರುತ್ತದೆ. ಹತ್ತು ತಾಸು ಓದಿದ ಮೇಲೆ ಆ ನಗು ಬರುವುದಿಲ್ಲ.

ಕಥಾವಸ್ತು ನಮಗೆ ಹೊಸತಲ್ಲ, ದಾಯಾದಿಗಳ ಜಗಳ. 1986ರ ಅಕ್ಟೋಬರ್ 4 ಮತ್ತು 5ರಂದು ಒಂದು ನಡುಗಡ್ಡೆಯಲ್ಲಿ ಶ್ರೀಮಂತ ಮನೆತನದವರು ಕೂಡುತ್ತಾರೆ. ಮುದಿ ಯಜಮಾನ ಇಂದೋ ನಾಳೆಯೋ ಎಂಬಂತಿದ್ದಾನೆ, ಮಕ್ಕಳು ಆಸ್ತಿಗಾಗಿ ಕಚ್ಚಾಡುತ್ತಿದ್ದಾರೆ. ಹತ್ತು ಟನ್ ಬಂಗಾರ ಎಲ್ಲಿಯೋ ಅಡಗಿದೆ, ಅದರ ಸುಳಿವು ಒಂದು ಒಗಟಿನಲ್ಲಿದೆ. ಬಿರುಗಾಳಿಯಿಂದ ದೋಣಿ ನಿಲ್ಲುತ್ತದೆ, ಒಬ್ಬೊಬ್ಬರೇ ಕೊಲೆಯಾಗುತ್ತಾರೆ. ಬಾಗಿಲುಗಳೆಲ್ಲ ಒಳಗಿನಿಂದ ಭದ್ರ! ಇದು ಮಾಟಗಾತಿಯ ಮಾಯೆ ಎಂದು ಮಾಟಗಾತಿಯೇ ಬಂದು ಹೇಳುತ್ತಾಳೆ. ಮನೆತನದ ಹುಡುಗ ಬ್ಯಾಟ್ಲರನು ಅವಳೆದುರು ಕುಳಿತು, ಇವೆಲ್ಲ ಮನುಷ್ಯರ ಕೈಯ ಕೆಲಸವೇ ಎಂದು ವಾದಿಸುತ್ತಾನೆ. ಅದೇ ಎರಡು ದಿನಗಳು ಬೇರೆ ಬೇರೆ ಕೊಲೆಗಳೊಡನೆ ಮತ್ತೆ ಮತ್ತೆ ನಡೆಯುತ್ತವೆ.

ಮೊದಲ ಏಳು ಭಾಗಗಳಲ್ಲಿ ಆಡುವವನಿಗೆ ಕಥೆಯ ದಾರಿಯನ್ನು ಆರಿಸುವ ಅವಕಾಶವಿಲ್ಲ. ಹಾಗಾದರೆ ಆಟವೆಲ್ಲಿ? ಅದು ಓದುವವನ ತಲೆಯಲ್ಲಿ ನಡೆಯಬೇಕು. ಇದಕ್ಕಾಗಿ ಲೇಖಕರು ಎರಡನೆಯ ಭಾಗದಲ್ಲಿ ಒಂದು ನಿಯಮವನ್ನು ತರುತ್ತಾರೆ: ಕೆಂಪಕ್ಷರದಲ್ಲಿ ಹೇಳಿದ್ದು ಸತ್ಯ, ಅದಕ್ಕೆ ಸಾಕ್ಷಿ ಬೇಕಿಲ್ಲ. ನಾಲ್ಕನೆಯ ಭಾಗದಲ್ಲಿ ನೀಲಿ ಅಕ್ಷರ ಬರುತ್ತದೆ. ಅದು ಊಹೆ, ಮಾಟಗಾತಿಯು ಅದನ್ನು ಕೆಂಪಿನಿಂದ ಖಂಡಿಸಬೇಕು. ನಿಯಮ ಕೇಳಲು ಸರಳ. ಆದರೆ ಕೆಂಪಕ್ಷರವು ಸುಳ್ಳು ಹೇಳುವುದಿಲ್ಲವೇ ಹೊರತು ಎಲ್ಲವನ್ನೂ ಹೇಳುವುದಿಲ್ಲ! ಕೀಲಿಕೈ ಗೌಡರ ಕಿಸೆಯಲ್ಲಿಯೇ ಇತ್ತು ಎಂದರೆ ಇನ್ನೊಂದು ಕೀಲಿಕೈ ಇರಲಿಲ್ಲವೆಂದು ಅರ್ಥವಾಗದು. ಈ ಬಿರುಕಿನಲ್ಲಿಯೇ ಎಂಟೂ ಭಾಗಗಳು ನಿಂತಿವೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಚ್ಚಾದುದರ ಬಗ್ಗೆ, ಶಿಕ್ಕಾ ಬಿದ್ದ ಕಾಗದದ ಬಗ್ಗೆ ನಮ್ಮಲ್ಲಿ ಭಯಭಕ್ತಿ ಬಹಳ. ಕೆಂಪಕ್ಷರದ ಅಭ್ಯಾಸವಾದ ಮೇಲೆ ನಾನು ನಮ್ಮ ಮನೆಯ ವಾಟಣಿಪತ್ರವನ್ನು ಕೇಳಿ ಓದಿದೆ. ಮೂವರು ಅಣ್ಣತಮ್ಮಂದಿರಿಗೂ ಸಮನಾಗಿ ನಾಲ್ಕು ನಾಲ್ಕು ಎಕರೆ ಎಂದು ಬರೆದಿದೆ. ಪ್ರತಿಯೊಂದು ಅಕ್ಷರವೂ ನಿಜ. ಆದರೆ ನಮ್ಮ ಪಾಲಿನ ನಾಲ್ಕೂ ಎಕರೆ ಮಸಾರಿ, ಎರಿ ಹೊಲವೆಲ್ಲ ದೊಡ್ಡಪ್ಪನವರ ಕಡೆಗೆ. ಮಣ್ಣಿನ ಮಾತು ಕಾಗದದಲ್ಲಿಲ್ಲ. ಅಪ್ಪ ಇಪ್ಪತ್ತು ವರ್ಷದಿಂದ ಅದನ್ನು ಮೋಸವೆಂದೇ ತಿಳಿದಿದ್ದಾರೆ. ಓದಿದ ಮೇಲೆ ನಾನೂ ಹಾಗೆಯೇ ತಿಳಿದೆ.

ಆಟಕ್ಕೆ ಮರಳೋಣ. ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಬರೆದಿದ್ದರು. ಅಪರಾಧಿಯು ಕಥೆಯ ಆರಂಭದಲ್ಲಿಯೇ ಕಾಣಿಸಿರಬೇಕು, ದೆವ್ವಭೂತಗಳಿಗೆ ಎಡೆಯಿರಬಾರದು, ಪತ್ತೇದಾರನೇ ಅಪರಾಧಿಯಾಗಬಾರದು ಇತ್ಯಾದಿ. ಐದನೆಯ ಭಾಗದಲ್ಲಿ ಅವರ ಹೆಸರನ್ನೇ ಹೊತ್ತ ಪಾತ್ರವೊಂದು ಬಂದು ಈ ಕಟ್ಟಳೆಗಳನ್ನು ಕತ್ತಿಯಂತೆ ಬೀಸುತ್ತದೆ. ಕಟ್ಟಳೆಗಳಿಂದ ಯಾರು, ಹೇಗೆ ಎಂಬುದು ಸಿಕ್ಕೀತು. ಏಕೆ ಎಂಬುದು ಸಿಗುವುದಿಲ್ಲ. ಅದಕ್ಕೆ ಕೊಂದವರ ಮನಸ್ಸಿನೊಳಗೆ ಕನಿಕರದಿಂದ ಹೋಗಬೇಕೆಂದು ಲೇಖಕರು ಪಟ್ಟು ಹಿಡಿಯುತ್ತಾರೆ. ನನ್ನ ಮಟ್ಟಿಗೆ ಏಳನೆಯ ಭಾಗವೇ ಶ್ರೇಷ್ಠ, ಕಾರಣ ಅಲ್ಲಿ ಈ 'ಏಕೆ' ನಿಧಾನವಾಗಿ ತೆರೆದುಕೊಳ್ಳುತ್ತದೆ. ದೋಷಗಳೂ ಇಲ್ಲದಿಲ್ಲ. ನೂರು ತಾಸಿಗೂ ಮಿಕ್ಕಿದ ಓದಿನಲ್ಲಿ ಬರೀ ಹರಟೆಯೇ ಬಹಳ. ಮಾಟಗಾತಿಯರ ಕಾಳಗಗಳು ಬೇಸರ ತರುತ್ತವೆ.

2010ರಲ್ಲಿ ಎಂಟನೆಯ ಭಾಗ ಹೊರಬಂದಾಗ ಜಪಾನಿನ ಅನೇಕ ಓದುಗರು ಸಿಟ್ಟಿಗೆದ್ದರು. ಮೂರು ವರ್ಷ ತಲೆ ಕೆಡಿಸಿಕೊಂಡವರಿಗೆ ಉತ್ತರಪತ್ರಿಕೆ ಬೇಕಾಗಿತ್ತು, ಲೇಖಕರು ಕೊಡಲಿಲ್ಲ. ಮುಂದೆ ಇದರ ಚಿತ್ರಕಥೆಯ ಪುಸ್ತಕಗಳಲ್ಲಿ ಹೆಚ್ಚು ಬಿಡಿಸಿ ಹೇಳಿದರು. ನಮ್ಮಜ್ಜಿಯದೂ ಅದೇ ತಕರಾರು. ಕಥೆಯನ್ನು ರಾತ್ರಿಗಿಷ್ಟರಂತೆ ಹೇಳುತ್ತ ಬಂದಿದ್ದೆ.

"ಕಡೀಕ ಯಾರ ಕೊಂದ್ರಂತ?" ಎಂದಳು.

"ಹೇಳಿಲ್ಲ ಅಜ್ಜಿ, ನಾವ ಹುಡುಕಬೇಕು."

"ಒಡಪ ಹಾಕಿದಾಂವ ಉತ್ರಾ ಇಟಗೊಂಡಿರಬೇಕಪಾ. ಇವಗ ಗೊತ್ತ ಇಲ್ಲ ಕಾಣ್ತದ."

ಅಜ್ಜಿಯ ಪ್ರಶ್ನೆ ಸರಿಯಾದುದೇ. ಉತ್ತರವಿಲ್ಲದ ಒಡಪು ಮೋಸ. ಆದರೆ ಇಲ್ಲಿ ಉತ್ತರವಿದೆ ಎಂದೇ ನನ್ನ ನಂಬಿಕೆ. ಕೆಂಪು ಸಾಲುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ಹೊಂದಿಸಿದಾಗ ನನಗೆ ಅವೆಲ್ಲ ಒಬ್ಬರತ್ತಲೇ ಬೆರಳು ಮಾಡಿದವು. ಹೆಸರು ಹೇಳಿ ಮುಂದೆ ಆಡುವವರ ಸುಖವನ್ನು ಕೆಡಿಸಲಾರೆ. ಬೇತಾಳನ ಇಪ್ಪತ್ತೈದು ಕಥೆಗಳು ಇಲ್ಲಿ ನೆನಪಾಗುತ್ತವೆ. ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟು ಕೊಟ್ಟು ಶವವನ್ನು ಕಳೆದುಕೊಂಡ ರಾಜ, ತಂದೆಯು ಮಗಳನ್ನೂ ಮಗನು ತಾಯಿಯನ್ನೂ ಮದುವೆಯಾದ ಕೊನೆಯ ಕಥೆಯಲ್ಲಿ, ಆ ಜೋಡಿಗಳ ಮಕ್ಕಳು ಪರಸ್ಪರ ಏನಾಗಬೇಕೆಂದು ಕೇಳಿದಾಗ ಸುಮ್ಮನಾಗುತ್ತಾನೆ. ಬೇತಾಳನು ಮೆಚ್ಚುವುದು ಆಗಲೇ.

ಅಜ್ಜಿಯನ್ನು ಆ ರಾತ್ರಿಯೇ ವಾಟಣಿಯ ಮಾತು ಕೇಳಿದೆ, ಎರಿ ಹೊಲ ದೊಡ್ಡಪ್ಪಗ ಯಾಕ ಹೋತು ಎಂದು. ಅವಳು ಬಹಳ ಹೊತ್ತು ಸುಮ್ಮನಿದ್ದು, ಇಬ್ಬರು ಅತ್ತೆಯರ ಲಗ್ನದ ಸಾಲವನ್ನು ದೊಡ್ಡಪ್ಪ ಒಬ್ಬರೇ ಹೊತ್ತಿದ್ದನ್ನು ಹೇಳಿದಳು. ಅಪ್ಪ ಆಗ ಚಿಕ್ಕವರು. ಅವರಿಗೆ ಯಾರೂ ಹೇಳಿಲ್ಲ. ಅಷ್ಟಕ್ಕೆ ಎಲ್ಲ ಎರಿಯೂ ಅವರಿಗೆ ಹೋಗಬೇಕಿತ್ತೇ ಎಂಬುದು ಬೇರೆ ಪ್ರಶ್ನೆ. ಅದನ್ನು ನಾನಿನ್ನೂ ಯಾರ ಮುಂದೆಯೂ ಎತ್ತಿಲ್ಲ.

ಎಂಟನೆಯ ಭಾಗದ ತುದಿಯಲ್ಲಿ ಮಾತ್ರ ಆಟವು ನಮ್ಮನ್ನು ನೇರವಾಗಿ ಕೇಳುತ್ತದೆ: ಕಂಡದ್ದು ಮಾಯೆಯೋ, ಕೈಚಳಕವೋ? ಎರಡಕ್ಕೂ ಬೇರೆ ಬೇರೆ ಮುಕ್ತಾಯಗಳಿವೆ. ನಾನು ಮೊದಲು ಕೈಚಳಕವೆಂದು ಒತ್ತಿದೆ. ಮರುದಿನ ತಿರುಗಿ ಬಂದು ಮಾಯೆ ಎಂದು ಒತ್ತಿದೆ. ಇಂಗ್ಲಿಷಿನಲ್ಲಿ ಮೊದಲ ನಾಲ್ಕು ಭಾಗಗಳು 2016ರಲ್ಲಿಯೂ ಉಳಿದ ನಾಲ್ಕು 2017ರಲ್ಲಿಯೂ ಸ್ಟೀಮ್ ಎಂಬ ಅಂತರಜಾಲದ ಅಂಗಡಿಗೆ ಬಂದಿವೆ. ಚಿಕ್ಕಪ್ಪನ ಮಗನ ಹಳೆಯ ಲ್ಯಾಪ್‌ಟಾಪಿನಲ್ಲಿಯೂ ಇದು ತೊಂದರೆಯಿಲ್ಲದೆ ನಡೆಯಿತು. ಇಂಗ್ಲಿಷ್ ಕಠಿಣವೆನಿಸಿದವರು ಮಗ್ಗುಲಲ್ಲಿ ಪದಕೋಶ ಇಟ್ಟುಕೊಳ್ಳಲಿ, ಎರಡನೆಯ ಭಾಗದಿಂದ ಕೆಂಪು ಪೆನ್ನನ್ನೂ.