ಗೇರ್ ಒಮ್ಮೊಮ್ಮೆ ಮಾತ್ರ ಕೈಕೊಟ್ಟರೆ

ಹಳೇ ಮಾರುತಿ 800 ಔರಾದ್ ರಸ್ತೆಯಲ್ಲಿ ಗೇರ್ ಬೀಳದೆ ಸತಾಯಿಸಿ, ಬೀದರ್‌ನ ಮೇಸ್ತ್ರಿ ಎದುರು ಸುಮ್ಮನಾಗುತ್ತದೆಯೇ? ಗೇರ್‌ಬಾಕ್ಸ್ ಇಳಿಸಲು ಅವಸರ ಬೇಡ. ಯಾವ ಗೇರ್, ಯಾವಾಗ ಎಂದು ಬರೆದಿಡಿ: ಬೆಳಗಿನ ತಣ್ಣನೆ ಎಂಜಿನ್‌ನಲ್ಲೋ, ಬಿಸಿಲಲ್ಲಿ ಭಾಲ್ಕಿವರೆಗೆ ಓಡಿದ ಮೇಲೋ?

ಆಮೇಲೆ ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿ, ಕ್ಲಚ್ ಒತ್ತಿ ಒಂದೊಂದೇ ಗೇರ್ ಹಾಕಿ. ಆಗ ಸಲೀಸಾಗಿ ಬಿದ್ದು, ಎಂಜಿನ್ ಚಾಲೂ ಇದ್ದಾಗ ಮಾತ್ರ ಬಿಗಿಯಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಮೊದಲು ಕೇಬಲ್ ನೋಡಿಸಿ. ಆರಿಸಿದಾಗಲೂ ಬಿಗಿಯಿದ್ದರೆ ಗೇರ್ ರಾಡ್, ಅದರ ಬುಷ್ ನೋಡಿಸಿ. ಹಾಕಿದ ಗೇರ್ ತಾನಾಗಿ ಬಿಟ್ಟುಹೋದರೆ ಎಂಜಿನ್ ಮೌಂಟಿಂಗನ್ನೂ ಪರೀಕ್ಷಿಸಲಿ. ಗೇರ್ ಆಯಿಲ್ ಕಮ್ಮಿಯಿದ್ದರೆ ಸುಮ್ಮನೆ ತುಂಬಿಸಬೇಡಿ, ಸೋರಿಕೆ ಹುಡುಕಿಸಿ. ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಓಡಿಸಿ ತೋರಿಸಿ. ಖರ್ಚಿನ ಮಾತು ಆಮೇಲೆ.