ಅಧಿಕಾವಧಿ ವೇತನ: ಮಾಲೀಕರು ಮಾಡುವ ಬದಲಾವಣೆ ಮತ್ತು ಕಾರ್ಮಿಕರ ಹಕ್ಕು

ನಿಗದಿತ ಅವಧಿ ಮೀರಿದ ದುಡಿಮೆಗೆ ಸಲ್ಲುವ ಕೂಲಿಯೇ ಅಧಿಕಾವಧಿ ವೇತನ ಅಥವಾ ಓವರ್‌ಟೈಮ್. 1948ರ ಕಾರ್ಖಾನೆ ಕಾಯ್ದೆಯ 59ನೇ ಕಲಂ ಪ್ರಕಾರ ದಿನಕ್ಕೆ 9 ಅಥವಾ ವಾರಕ್ಕೆ 48 ಗಂಟೆ ಮೀರಿದರೆ ಇಮ್ಮಡಿ ದರ ಕಡ್ಡಾಯವಾಗಿತ್ತು. ಚನ್ನಗಿರಿಯ ಅಕ್ಕಿ ಗಿರಣಿಯೊಂದರಲ್ಲಿ ಗಂಟೆಗೆ 60 ರೂ. ಪಡೆಯುವವರು 2 ಗಂಟೆ ಹೆಚ್ಚು ದುಡಿದರೆ ಆ ಲೆಕ್ಕದಲ್ಲಿ ಸಿಗಬೇಕಾದದ್ದು 240 ರೂ. ಇದು ಶಾಸನಬದ್ಧ ಹಕ್ಕು. ಇದಕ್ಕಿಂತ ಕಡಿಮೆಗೆ ಕಾರ್ಮಿಕ ಸಹಿ ಹಾಕಿಕೊಟ್ಟಿದ್ದರೂ ಆ ಕರಾರು ನಿಲ್ಲದು.

ಕಾನೂನಿನ ಕನಿಷ್ಠಕ್ಕಿಂತ ಹೆಚ್ಚಿನ ದರವನ್ನು ಒಪ್ಪಂದ ಕೊಟ್ಟಿದ್ದರೆ ಪ್ರಶ್ನೆ ಬೇರೆ. ಅದನ್ನು ಇಳಿಸಲು 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಂ 21 ದಿನಗಳ ಮುನ್ಸೂಚನೆ ಕೇಳುತ್ತಿತ್ತು. ರಾತ್ರೋರಾತ್ರಿ ದರ ಕಡಿತಗೊಳಿಸುವುದಕ್ಕೆ ಇದೇ ದೊಡ್ಡ ತಡೆ.

ಕೋವಿಡ್ ಕಾಲದಲ್ಲಿ ಗುಜರಾತ್ ಸರ್ಕಾರ ಅಧಿಕಾವಧಿಗೆ ಸಾಮಾನ್ಯ ದರ ಸಾಕೆಂದಿತ್ತು. ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ಆ ಅಧಿಸೂಚನೆಯನ್ನು ರದ್ದುಪಡಿಸಿತು. ದುಡಿಯುವವರ ಪಾಲಿಗೆ ಇದು ಮಹತ್ವದ ತೀರ್ಪು. ಕರ್ನಾಟಕವೂ ದಿನಕ್ಕೆ 10 ಗಂಟೆ ದುಡಿಮೆಗೆ ಅವಕಾಶ ಕೊಟ್ಟು, 2020ರ ಜೂನ್‌ನಲ್ಲಿ ಆದೇಶ ಹಿಂಪಡೆಯಿತು.

ಈ ಹಳೆಯ ಕಾಯ್ದೆಗಳ ಬದಲಿಗೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಇಮ್ಮಡಿ ದರ ಮತ್ತು 21 ದಿನಗಳ ಮುನ್ಸೂಚನೆ ಉಳಿದಿವೆ. ಹೆಚ್ಚುವರಿ ದುಡಿಮೆಗೆ ಕಾರ್ಮಿಕನ ಒಪ್ಪಿಗೆಯೂ ಬೇಕು.