ಜ್ವರ ಬಿಟ್ಟ ಮೇಲೆ ಕಾಲು ತೂರಾಡಿದರೆ

ಜ್ವರ ಬಂದು ಹೋದ ಮೇಲೆ ವಾರಗಟ್ಟಲೆ ಸುಸ್ತಿರುವುದು ಸಹಜ. ಆದರೆ ಸುಸ್ತಾದವರು ನಿಧಾನವಾಗಿ ನಡೆಯುತ್ತಾರೆ, ತೂರಾಡುವುದಿಲ್ಲ. ಬಚ್ಚಲಿಗೆ ಹೋಗುವಾಗ ಕಾಲು ಅಗಲಿಸಿ, ಗೋಡೆ ಹಿಡಿದು, ಒಂದು ಕಡೆಗೆ ವಾಲುತ್ತಿದ್ದರೆ, ಜೊತೆಗೆ ಮಾತೂ ತೊದಲಿದರೆ, ಪಿತ್ತ ಏರಿದೆ ಎಂದು ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸುವಂತಿಲ್ಲ. ಕಿರುಮೆದುಳಿಗೆ ಉರಿಯೂತ ಆಗಿರಬಹುದು. ವೈದ್ಯರು ಇದನ್ನು ಅಕ್ಯೂಟ್ ಸೆರೆಬೆಲ್ಲೈಟಿಸ್ ಎನ್ನುತ್ತಾರೆ.

ಕಿರುಮೆದುಳು ಇರುವುದು ತಲೆಯ ಹಿಂಭಾಗದಲ್ಲಿ, ಕತ್ತಿಗೆ ತುಸು ಮೇಲೆ. ಗಾತ್ರದಲ್ಲಿ ಇಡೀ ಮೆದುಳಿನ ಸುಮಾರು ಹತ್ತನೇ ಒಂದು ಭಾಗವಾದರೂ ನರಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲೇ ಇವೆ. ಕೈಕಾಲಿಗೆ ಬಲ ಕೊಡುವುದು ಇದರ ಕೆಲಸವಲ್ಲ, ಆ ಬಲವನ್ನು ಹದದಲ್ಲಿಡುವುದು ಇದರ ಕೆಲಸ. ಹಾಗಾಗಿ ರೋಗಿ ನಿಮ್ಮ ಕೈಯನ್ನು ಗಟ್ಟಿಯಾಗಿಯೇ ಅದುಮಬಲ್ಲ. ಕಾಫಿ ಲೋಟ ತುಟಿಗೆ ತರುವಷ್ಟರಲ್ಲಿ ಮಾತ್ರ ಅರ್ಧ ಚೆಲ್ಲಿರುತ್ತದೆ.

ಈ ಕಾಯಿಲೆ ಹೆಚ್ಚಾಗಿ ಮಕ್ಕಳದ್ದು. ಚಿಕನ್‌ಪಾಕ್ಸ್ ಮುಂತಾದ ಸೋಂಕಿನ ಬಳಿಕ ಬಂದು, ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ಹೋಗುತ್ತದೆ. ದೊಡ್ಡವರಲ್ಲಿ ಅಪರೂಪ. ಅಪರೂಪವಾದ್ದರಿಂದಲೇ ಗುರುತಿಸುವುದು ತಡವಾಗುತ್ತದೆ.

ಮೊದಲು ಮನೆಯಲ್ಲಿ

ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸುತ್ತಾ ನೇರ ಗೆರೆಯ ಮೇಲೆ ನಾಲ್ಕು ಹೆಜ್ಜೆ ಇಡಿಸಿ. ಪಕ್ಕದಲ್ಲಿ ಒಬ್ಬರು ಹಿಡಿಯಲು ಸಿದ್ಧರಿರಲಿ. ತೋರುಬೆರಳಿನಿಂದ ತನ್ನ ಮೂಗು, ನಂತರ ನಿಮ್ಮ ಬೆರಳು ಮುಟ್ಟಲು ಹೇಳಿ. ಗುರಿಯ ಹತ್ತಿರ ಬಂದಂತೆ ಕೈ ನಡುಗುವುದು, ಗುರಿ ದಾಟಿ ಹೋಗುವುದು ಎರಡೂ ಕಿರುಮೆದುಳಿನ ಲಕ್ಷಣ. ಅಂಗಿ ಗುಂಡಿ ಹಾಕಿಸಿ, ಹಾಳೆಯ ಮೇಲೆ ಸಹಿ ಮಾಡಿಸಿ. ಇದನ್ನೆಲ್ಲ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಮರುದಿನ ನಡಿಗೆ ಬದಲಾಗಿದ್ದರೆ ವೈದ್ಯರಿಗೆ ತೋರಿಸಲು ಅರ್ಧ ನಿಮಿಷದ ವಿಡಿಯೊ ಸಾಕು.

ಈ ಪರೀಕ್ಷೆ ಮಾಡುತ್ತಾ ಕೂರಬಾರದ ಸಂದರ್ಭವೂ ಉಂಟು. ತೂರಾಟ ಶುರುವಾದದ್ದು ನಿಧಾನವಾಗಿಯೋ, ಇದ್ದಕ್ಕಿದ್ದಂತೆಯೋ? ಉರಿಯೂತ ಸಾಮಾನ್ಯವಾಗಿ ಗಂಟೆಗಳಿಂದ ದಿನಗಳವರೆಗೆ ಬೆಳೆಯುತ್ತದೆ. ನಿಂತಲ್ಲೇ ತಟ್ಟನೆ ಬಂದರೆ ಅದನ್ನು ಪಾರ್ಶ್ವವಾಯು ಎಂದೇ ತಿಳಿಯಬೇಕು. ಕಿರುಮೆದುಳಿನ ಪಾರ್ಶ್ವವಾಯುವಿನಲ್ಲಿ ಬಾಯಿ ಸೊಟ್ಟಗಾಗದೆ, ಕೈ ಸೋಲದೆ, ಬರೀ ತಲೆಸುತ್ತು, ವಾಂತಿ, ತೂರಾಟ ಇರಬಹುದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದಿಗೆ ಸಿಗುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ತಕ್ಷಣ 108ಕ್ಕೆ ಕರೆ ಮಾಡಿ. ತಲೆಸುತ್ತಿನ ಮಾತ್ರೆ ತಂದು ನುಂಗಿಸಿ ಬೆಳಗಿನವರೆಗೆ ಕಾಯುವುದೇ ನಮ್ಮಲ್ಲಿ ನಡೆಯುವ ದೊಡ್ಡ ಎಡವಟ್ಟು.

ತಲೆನೋವು ಏರುತ್ತಾ ಹೋಗುವುದು, ಪದೇ ಪದೇ ವಾಂತಿ, ಮಂಪರು, ವಸ್ತುಗಳು ಎರಡೆರಡಾಗಿ ಕಾಣುವುದು ಕೂಡ ತುರ್ತಿನ ಲಕ್ಷಣಗಳೇ. ಕಿರುಮೆದುಳು ಊದಿಕೊಂಡರೆ ಹಿಗ್ಗಲು ಜಾಗವಿಲ್ಲ. ಪಕ್ಕದಲ್ಲೇ ಉಸಿರಾಟ ನಿಯಂತ್ರಿಸುವ ಮೆದುಳುಕಾಂಡವಿದೆ, ಮೆದುಳಿನ ದ್ರವ ಹರಿಯುವ ದಾರಿಯಿದೆ. ಊತ ಎರಡರಲ್ಲಿ ಯಾವುದನ್ನು ಒತ್ತಿದರೂ ಪ್ರಾಣಕ್ಕೆ ಅಪಾಯ.

ವೈದ್ಯರಿಗೆ ಏನು ಹೇಳಬೇಕು

ಅರ್ಧ ರೋಗನಿರ್ಣಯ ಇಲ್ಲಿದೆ. ಕಳೆದ ಒಂದು ತಿಂಗಳಲ್ಲಿ ಬಂದ ಜ್ವರ, ಗಂಟಲುನೋವು, ಮೈಮೇಲಿನ ಗುಳ್ಳೆ, ಹಾಕಿಸಿಕೊಂಡ ಲಸಿಕೆ ಎಲ್ಲವನ್ನೂ ಹೇಳಿ. ಚಿಕನ್‌ಪಾಕ್ಸ್, ಎಪ್‌ಸ್ಟೀನ್-ಬಾರ್, ಇನ್‌ಫ್ಲುಯೆಂಜಾ ವೈರಸ್‌ಗಳ ಜೊತೆಗೆ ನಮ್ಮ ಕಡೆ ಡೆಂಗಿ, ಟೈಫಾಯ್ಡ್, ಮಲೇರಿಯಾಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಫಾಲ್ಸಿಪಾರಂ ಮಲೇರಿಯಾ ವಾಸಿಯಾಗಿ ವಾರಗಳು ಕಳೆದ ಮೇಲೂ ತೂರಾಟ ಕಾಣಿಸಿಕೊಂಡದ್ದು ಭಾರತ, ಶ್ರೀಲಂಕಾಗಳಲ್ಲಿ ದಾಖಲಾಗಿದೆ.

ಹೊಲ, ತೋಟ, ಪೊದೆಗಳ ನಡುವೆ ಓಡಾಡುವವರಾದರೆ ಸ್ಕ್ರಬ್ ಟೈಫಸ್ ಎಂಬ ಜ್ವರವೂ ನೆನಪಿರಲಿ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂತೆ ಕಪ್ಪು ಹಕ್ಕಳೆ ಕಟ್ಟಿರುತ್ತದೆ. ನೋಯುವುದಿಲ್ಲ, ತುರಿಸುವುದೂ ಕಡಿಮೆ. ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಸೊಂಟದ ಸುತ್ತ ಅಡಗಿರುವುದರಿಂದ ರೋಗಿಗೇ ಗೊತ್ತಿರುವುದಿಲ್ಲ. ಸಂಕೋಚ ಬಿಟ್ಟು ಮನೆಯವರೇ ಹುಡುಕಿ ನೋಡಿ. ಸಿಕ್ಕಿದರೆ ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಮಾತ್ರೆ ಜೀವ ಉಳಿಸುತ್ತದೆ.

ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ಅಪಸ್ಮಾರದ ಫೆನಿಟಾಯಿನ್, ಮನೋರೋಗಕ್ಕೆ ಕೊಡುವ ಲಿಥಿಯಂ ರಕ್ತದಲ್ಲಿ ಹೆಚ್ಚಾದರೆ ಥೇಟ್ ಇದೇ ತೂರಾಟ. ಕುಡಿತದ ಅಭ್ಯಾಸವಿದ್ದರೆ ಮುಚ್ಚಿಡಬೇಡಿ. ಬಿ1 ಜೀವಸತ್ವದ ಕೊರತೆಯಿಂದ ತೂರಾಡುವವರಿಗೆ ಅದರ ಚುಚ್ಚುಮದ್ದು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಪರಿಸ್ಥಿತಿ ಬಿಗಡಾಯಿಸಬಹುದು. ‘ಒಂದು ಡ್ರಿಪ್ ಹಾಕಿಬಿಡಿ ಡಾಕ್ಟ್ರೇ’ ಎಂದು ದುಂಬಾಲು ಬೀಳುವ ಮುನ್ನ ಇದು ತಿಳಿದಿರಲಿ.

ಪರೀಕ್ಷೆ, ಚಿಕಿತ್ಸೆ

ಸಿ.ಟಿ. ಸ್ಕ್ಯಾನ್ ರಕ್ತಸ್ರಾವವನ್ನು ಬೇಗ ತೋರಿಸುತ್ತದೆ, ಆದರೆ ಕಿರುಮೆದುಳಿನ ಭಾಗದಲ್ಲಿ ಅದರ ಚಿತ್ರ ಅಷ್ಟು ಸ್ಪಷ್ಟವಲ್ಲ. ಎಂ.ಆರ್.ಐ. ಬೇಕಾಗುತ್ತದೆ. ಮೊದಮೊದಲು ಅದೂ ಸಹಜವಾಗಿ ಕಾಣಬಹುದು, ಅಷ್ಟಕ್ಕೇ ಕಾಯಿಲೆ ಇಲ್ಲವೆಂದಲ್ಲ. ಬೆನ್ನುಹುರಿ ನೀರಿನ ಪರೀಕ್ಷೆಗೆ ಜನ ಅನವಶ್ಯಕವಾಗಿ ಹೆದರುತ್ತಾರೆ. ಸ್ಕ್ಯಾನಿನಲ್ಲಿ ಊತ ಇಲ್ಲವೆಂದು ಖಚಿತಪಡಿಸಿಕೊಂಡೇ ಅದನ್ನು ಮಾಡುತ್ತಾರೆ.

ಚಿಕಿತ್ಸೆ ಕಾರಣಕ್ಕೆ ತಕ್ಕಂತೆ: ಹರ್ಪಿಸ್ ಗುಂಪಿನ ವೈರಸ್ ಎಂಬ ಗುಮಾನಿಯಿದ್ದರೆ ಅಸೈಕ್ಲೊವಿರ್, ಬ್ಯಾಕ್ಟೀರಿಯಾಕ್ಕೆ ಆ್ಯಂಟಿಬಯಾಟಿಕ್, ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದಿದ್ದರೆ ಸ್ಟೀರಾಯ್ಡ್ ಅಥವಾ ಇಮ್ಯುನೊಗ್ಲಾಬ್ಯುಲಿನ್. ಊತ ಮಿತಿಮೀರಿದರೆ ನರಶಸ್ತ್ರಚಿಕಿತ್ಸಕರು ದ್ರವ ಹೊರತೆಗೆಯಬೇಕು, ಇಲ್ಲವೇ ಹಿಂದಲೆಯ ಮೂಳೆ ತೆರೆದು ಜಾಗ ಮಾಡಿಕೊಡಬೇಕು. ಆದ್ದರಿಂದ ಲಕ್ಷಣ ಜೋರಾಗಿದ್ದರೆ ಅಂಥ ಸೌಲಭ್ಯವಿರುವ ಕಡೆಗೇ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ಹಗಲಿರುಳೂ ತೆರೆದಿರುತ್ತದೆ.

ವಾರಗಟ್ಟಲೆ ನಿಧಾನವಾಗಿ ಹೆಚ್ಚುತ್ತಲೇ ಹೋಗುವ ತೂರಾಟದ ದಾರಿ ಬೇರೆ. ಅಂಡಾಶಯ, ಸ್ತನ, ಶ್ವಾಸಕೋಶಗಳಲ್ಲಿ ಅಡಗಿದ ಕ್ಯಾನ್ಸರಿನ ಮೊದಲ ಸುಳಿವು ಅದಾಗಿರಬಹುದು. ತೂರಾಟಕ್ಕೆ ಹೊಟ್ಟೆಯ ಸ್ಕ್ಯಾನ್ ಯಾಕೆ ಎಂದು ವೈದ್ಯರ ಮೇಲೆ ರೇಗಬೇಡಿ.

ಮನೆಗೆ ಬಂದ ಮೇಲೆ

ಸೋಂಕಿನ ನಂತರ ಬಂದ ಉರಿಯೂತದಲ್ಲಿ ಹೆಚ್ಚಿನವರು ವಾರಗಳಿಂದ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ತೊದಲು, ಕೈನಡುಕ, ನಡಿಗೆಯ ಅಳುಕು ಉಳಿಯುತ್ತದೆ. ತೂಕ ತಪ್ಪಿದ ನಡಿಗೆ ತಿದ್ದುವ ಮಾತ್ರೆ ಇಲ್ಲ, ಫಿಸಿಯೋಥೆರಪಿಯೇ ಔಷಧ. ನೀರು ಕುಡಿಯುವಾಗ ಕೆಮ್ಮು ಬಂದರೆ ನುಂಗುವಿಕೆಯ ಪರೀಕ್ಷೆ ಮಾಡಿಸಿ. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿ. ಬೈಕು, ಟ್ರ್ಯಾಕ್ಟರ್, ಮರ ಹತ್ತುವುದು, ಬಾವಿಕಟ್ಟೆಯ ಕೆಲಸ ವೈದ್ಯರು ಒಪ್ಪುವವರೆಗೆ ಬೇಡ. ಮದ್ಯವಂತೂ ಬೇಡವೇ ಬೇಡ. ತಲೆನೋವು, ವಾಂತಿ ಮರುಕಳಿಸಿದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.